ಪುಸ್ತಕದ ಹುಡುಗಿ ಯಾಕೆ ಬರೀ "ಅಬ್ಬಾ" ಅಂತಾಳೆ? ಮಳೆ, ಗುಡುಗು, ಬಾಹ್ಯಾಕಾಶದ ಮಕ್ಕಳ ಪುಸ್ತಕಗಳ ಬಗ್ಗೆ

ಮಿಂಚುಹುಳದಮ್ಮ:

ಮಗಳಿಗೆ ಏಳು ವರ್ಷ. ಮಳೆ, ಗುಡುಗು, ಚಂದ್ರ, ರಾಕೆಟ್ ಅಂದರೆ ಸಾಕು, ನಿದ್ದೆ ಬಿಟ್ಟು ಕೂರುತ್ತಾಳೆ. ಹಾಗಾಗಿ ಮನೆಗೆ ಬರುವ ಪುಸ್ತಕಗಳೆಲ್ಲ ಹೆಚ್ಚುಕಮ್ಮಿ ಅವೇ. ಮೊನ್ನೆ ಗುಡುಗಿನ ಬಗ್ಗೆ ಒಂದು ಪುಸ್ತಕ ಓದುತ್ತಿದ್ದೆವು. ಅಣ್ಣ, ತಂಗಿ ಕಿಟಕಿ ಹತ್ತಿರ ಕೂತಿದ್ದಾರೆ. ಮಿಂಚು ಮೊದಲು ಕಾಣಿಸಿ ಗುಡುಗು ಆಮೇಲೆ ಯಾಕೆ ಕೇಳಿಸುತ್ತದೆ ಅಂತ ಅಣ್ಣ ವಿವರಿಸುತ್ತಾನೆ. ಅರ್ಧಕ್ಕೆ ಬರುವಷ್ಟರಲ್ಲಿ ಮಗಳು ಪುಟದ ಮೇಲೆ ಕೈ ಇಟ್ಟು ಕೇಳಿದಳು: "ಅಮ್ಮಾ, ಈ ಹುಡುಗಿ ಯಾಕೆ ಬರೀ ಅಬ್ಬಾ ಅಂತಾಳೆ?"

ಎಣಿಸಿ ನೋಡಿದೆ. ಆರು ಸಲ "ಅಬ್ಬಾ", ಎರಡು ಸಲ "ಹೌದಾ ಅಣ್ಣಾ?". ಇನ್ನೊಂದು ಮಾತಿಲ್ಲ ಪಾಪ.

ಹಾಗಂತ ಪುಸ್ತಕ ಮಾಡಿದವರು ಏನೂ ಯೋಚಿಸಿಲ್ಲ ಅಂತಲ್ಲ. ಕೊನೆಯಲ್ಲಿ ಒಂದು ಗುಂಪಿನ ಚಿತ್ರ ಇದೆ. ಬೇರೆ ಬೇರೆ ಮೈಬಣ್ಣದ ಮಕ್ಕಳು, ಗಾಲಿಕುರ್ಚಿಯಲ್ಲಿ ಒಬ್ಬಳು, ಕಿವಿಗೆ ಯಂತ್ರ ಹಾಕಿಕೊಂಡ ಒಬ್ಬ. ಎಲ್ಲರೂ ಮಳೆಬಿಲ್ಲು ನೋಡಿ ನಗುತ್ತಿದ್ದಾರೆ. ಎಲ್ಲರೂ ಇದ್ದಾರೆ, ಆದರೆ ಕೆಲಸ ಮಾಡಿದವನು ಒಬ್ಬನೇ.

ಪುಸ್ತಕಗಳ ಪಟ್ಟಿ ಕೇಳುತ್ತಿಲ್ಲ, ಪಟ್ಟಿಗಳು ಬೇಕಾದಷ್ಟಿವೆ. ನೀವು ಪುಸ್ತಕ ಕೈಗೆತ್ತಿಕೊಂಡಾಗ ಏನು ನೋಡುತ್ತೀರಿ ಅಂತ ತಿಳಿಯಬೇಕಿತ್ತು.

ನೇರಮಾತು:

ಬೇಜಾರಾಗಬೇಡಿ, ಒಂದು ಮಾತು. ಮಳೆಗೆ ಗಂಡು ಹೆಣ್ಣು ಇಲ್ಲ, ಮೋಡಕ್ಕೆ ಬಣ್ಣದ ಚಿಂತೆ ಇಲ್ಲ. ವಿಜ್ಞಾನದ ಪುಸ್ತಕದಲ್ಲಿ ಮೊದಲು ವಿಜ್ಞಾನ ಸರಿ ಇರಬೇಕು. ಪಾತ್ರಗಳ ಲೆಕ್ಕ ಆಮೇಲೆ.

ನಮ್ಮ ಮನೆಯಲ್ಲಿರುವ ಪುಸ್ತಕಗಳಲ್ಲಿ ಮಳೆಹನಿ ಎಲ್ಲ ಕಣ್ಣೀರಿನ ಹನಿಯಂತೆ, ಮೇಲೆ ಚೂಪು ಕೆಳಗೆ ದಪ್ಪ. ನಿಜವಾದ ಸಣ್ಣ ಹನಿ ಉರುಟು ಗೋಲಿ. ದೊಡ್ಡ ಹನಿಯಾದರೆ ಗಾಳಿ ಕೆಳಗಿನಿಂದ ಒತ್ತಿ ಅಡಿ ಚಪ್ಪಟೆ ಆಗುತ್ತದೆ. ಚೂಪು ತುದಿ ಎಲ್ಲೂ ಇಲ್ಲ. ಇನ್ನೊಂದು ಪುಸ್ತಕದಲ್ಲಿ "ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ" ಅಂತ ಇದೆ. ಆ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಭೂಮಿಯ ಎಳೆತ ನೆಲದ ಮೇಲಿನದರ 100ಕ್ಕೆ ಸುಮಾರು 90 ಭಾಗ ಇದ್ದೇ ಇರುತ್ತದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳುತ್ತಾ ಭೂಮಿಯನ್ನು ಸುತ್ತುತ್ತಿರುವುದರಿಂದ ತೇಲಿದಂತೆ ಕಾಣುತ್ತದೆ. ಆ ತಪ್ಪು ಮಾತನ್ನು ಹೇಳುವುದು ಒಬ್ಬ ಹುಡುಗಿ. ಅವಳು ಹೇಳಿದ ಮಾತ್ರಕ್ಕೆ ಅದು ಸರಿಯಾಗುತ್ತದಾ?

ಮಿಂಚುಹುಳದಮ್ಮ:

ಆಗುವುದಿಲ್ಲ, ಒಪ್ಪಿದೆ. ಆದರೆ ವಿಷಯ ಸರಿ ಇದ್ದ ಪುಸ್ತಕದಲ್ಲೂ ನನ್ನ ಮಗಳು ಅಬ್ಬಾ ಅನ್ನುವವಳ ಜಾಗದಲ್ಲೇ ಕೂರಬೇಕು ಅಂದರೆ, ಅದೂ ಒಂದು ತಪ್ಪು ಪಾಠವೇ ಅಲ್ವಾ?

ಗುಬ್ಬಿಗೂಡು:

ನಾನು ಪ್ರಾಣಿಗಳ ಪುಸ್ತಕ ಕೊಂಡುಬಿಡುತ್ತೇನೆ. ಮೊಲ, ಅಳಿಲು ಇದ್ದರೆ ಈ ತಲೆನೋವೇ ಇಲ್ಲ.

ಬಣ್ಣದ ಡಬ್ಬಿ:

ಗುಬ್ಬಿಗೂಡು ಅವರೇ, ನಾನು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವಳು. ತಲೆಗೆ ರಿಬ್ಬನ್ ಕಟ್ಟಿದ ಮೊಲ "ಅಬ್ಬಾ" ಅನ್ನುವುದನ್ನು ನಾನೇ ಎಷ್ಟು ಸಲ ಬರೆದಿದ್ದೇನೆ ಅಂತ ಕೇಳಬೇಡಿ 😀 ದೂರದರ್ಶಕ ಯಾವಾಗಲೂ ಕರಡಿಯ ಕೈಯಲ್ಲಿ.

ಗಾಲಿಕುರ್ಚಿಯ ವಿಷಯಕ್ಕೆ ಬರುತ್ತೇನೆ. ನನಗೆ ಬರುವ ಸೂಚನೆ ಹೀಗಿರುತ್ತದೆ: "ಗುಂಪಿನಲ್ಲಿ ಒಂದು ಮಗು ಗಾಲಿಕುರ್ಚಿಯಲ್ಲಿರಲಿ." ಅಷ್ಟೇ. ಒಂದು ಸಲ ಆಕಾಶ ನೋಡುವ ಪುಸ್ತಕಕ್ಕೆ ಚಿತ್ರ ಬರೆಯುವಾಗ ನನಗೇ ಹೊಳೆಯಿತು, ಈ ಮಗು ದೂರದರ್ಶಕದಲ್ಲಿ ನೋಡುವುದಾದರೂ ಹೇಗೆ? ಕನ್ನಡಿ ಬಳಸುವ ದೊಡ್ಡ ದೂರದರ್ಶಕದಲ್ಲಿ ಕಣ್ಣಿಡುವ ಜಾಗ ಕೊಳವೆಯ ಮೇಲ್ತುದಿಯಲ್ಲಿರುತ್ತದೆ. ನೆತ್ತಿಯ ಮೇಲಿನ ನಕ್ಷತ್ರ ನೋಡಬೇಕಾದರೆ ಅದು ತುಂಬಾ ಎತ್ತರಕ್ಕೆ ಹೋಗುತ್ತದೆ. ದಿಗಂತದ ಹತ್ತಿರದ್ದನ್ನು ನೋಡುವಾಗ ಕೊಳವೆ ಮಲಗುತ್ತದೆ, ಕಣ್ಣಿಡುವ ಜಾಗವೂ ಕೆಳಗೆ ಬರುತ್ತದೆ. ಮಸೂರದ ದೂರದರ್ಶಕದಲ್ಲಿ ಕಣ್ಣಿಡುವುದು ಕೆಳತುದಿಯಲ್ಲಿ, ಅಲ್ಲಿ ಲೆಕ್ಕ ತಿರುಗುಮುರುಗು.

ಅಂದರೆ ಕನ್ನಡಿಯ ದೂರದರ್ಶಕವಾದರೆ ಆ ಮಗುವಿಗೆ ಚಂದ್ರ ಹುಟ್ಟುವ ಹೊತ್ತಿಗೇ, ಅವನಿನ್ನೂ ದಿಗಂತದ ಹತ್ತಿರ ಇರುವಾಗಲೇ, ಅಲ್ಲಿರಬೇಕು ಅನ್ನುವುದಕ್ಕೆ ಒಂದು ಕಾರಣ ಇದೆ. ಉಳಿದವರಿಗೆ ಇಲ್ಲ. ಕಥೆ ಅಲ್ಲೇ ಇದೆ! ಅವಳು ಚಂದ್ರ ಹುಟ್ಟುವ ಸಮಯ ಬರೆದಿಟ್ಟುಕೊಂಡಿರುತ್ತಾಳೆ, ದಿನಾ ಸುಮಾರು 50 ನಿಮಿಷ ತಡ ಆಗುವುದನ್ನು ಅವಳೇ ಕಂಡುಕೊಳ್ಳುತ್ತಾಳೆ. ಲೇಖಕರಿಗೆ ಹೇಳಿದೆ. ಪಠ್ಯ ಆಗಲೇ ಮುಗಿದಿದೆ ಅಂದರು. ಹಾಗಾಗಿ ಆ ಮಗು ಈಗಲೂ 18ನೇ ಪುಟದ ಮೂಲೆಯಲ್ಲಿ ಕೈಬೀಸುತ್ತಾ ಕೂತಿದೆ.

ನೇರಮಾತು:

ಇದು ಬೇರೆ ಮಾತು. ಇದನ್ನು ಒಪ್ಪುತ್ತೇನೆ. ಇಲ್ಲಿ ಪಾತ್ರದಿಂದಲೇ ವಿಜ್ಞಾನ ಬಂತು.

ಲೈಬ್ರರಿ ಮೂಲೆ:

ಮಕ್ಕಳ ಗ್ರಂಥಾಲಯದಲ್ಲಿ ಕೆಲಸ. ನನ್ನ ಅಭ್ಯಾಸ ಹೇಳುತ್ತೇನೆ. ಚಿತ್ರ ನೋಡುವುದಿಲ್ಲ, ಕ್ರಿಯಾಪದ ನೋಡುತ್ತೇನೆ. ಒಂದು ಚೀಟಿಯಲ್ಲಿ ಪಾತ್ರಗಳ ಹೆಸರು ಬರೆದು, ಎದುರಿಗೆ ಅವರು ಮಾಡಿದ ಕೆಲಸ ಬರೆಯುತ್ತಾ ಹೋಗುವುದು. ಅಳೆದಳು, ಎಣಿಸಿದ, ತಪ್ಪು ಮಾಡಿದಳು, ಮತ್ತೆ ನೋಡಿದ. ಕೆಲವರ ಎದುರಿಗೆ "ನಕ್ಕಳು, ಬೆರಗಾದಳು, ಚಪ್ಪಾಳೆ ತಟ್ಟಿದಳು" ಮಾತ್ರ ಉಳಿಯುತ್ತದೆ. ಹತ್ತು ನಿಮಿಷದ ಕೆಲಸ.

"ತಪ್ಪು ಮಾಡಿದಳು" ಅನ್ನುವುದನ್ನು ವಿಶೇಷವಾಗಿ ಹುಡುಕುತ್ತೇನೆ. ಎಚ್ಚರದಿಂದ ಬರೆದ ಪುಸ್ತಕಗಳಲ್ಲಿ ಹುಡುಗಿಗೋ ಅಂಗವಿಕಲ ಮಗುವಿಗೋ ತಪ್ಪು ಮಾಡುವ ಹಕ್ಕೇ ಇರುವುದಿಲ್ಲ. ಮೊದಲ ಸಲಕ್ಕೇ ಎಲ್ಲ ಸರಿ. ಅದು ಗೌರವದಂತೆ ಕಾಣುತ್ತದೆ. ಆದರೆ ತಪ್ಪದೆ ವಿಜ್ಞಾನ ಎಲ್ಲಿ ನಡೆಯುತ್ತದೆ ಹೇಳಿ?

ಇನ್ನು ಇದೆಲ್ಲ ಯಾಕೆ ಬೇಕು ಅನ್ನುವವರಿಗೆ. 1983ರಲ್ಲಿ ಡೇವಿಡ್ ಚೇಂಬರ್ಸ್ ಒಂದು ಅಧ್ಯಯನ ಪ್ರಕಟಿಸಿದರು. 4,807 ಮಕ್ಕಳಿಗೆ "ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ" ಅಂತ ಹೇಳಲಾಗಿತ್ತು. ಹೆಂಗಸನ್ನು ಬರೆದದ್ದು 28 ಮಕ್ಕಳು. ಆ 28 ಜನವೂ ಹುಡುಗಿಯರು. ಹುಡುಗರಲ್ಲಿ ಒಬ್ಬನೂ ಇಲ್ಲ. ಆಮೇಲಿನ ದಶಕಗಳಲ್ಲಿ ಅಮೆರಿಕದಲ್ಲಿ ಇದೇ ಪರೀಕ್ಷೆ ಮತ್ತೆ ಮತ್ತೆ ನಡೆದಾಗ ಪರಿಸ್ಥಿತಿ ಸುಧಾರಿಸಿದೆ, ಸರಾಸರಿ 100ಕ್ಕೆ 28 ಚಿತ್ರಗಳಲ್ಲಿ ಹೆಂಗಸು. ಆದರೆ ಒಂದು ವಿಷಯ ಚುಚ್ಚುತ್ತದೆ. ತೀರಾ ಚಿಕ್ಕ ಮಕ್ಕಳು ಹೆಚ್ಚುಕಮ್ಮಿ ಅರ್ಧರ್ಧ ಬರೆಯುತ್ತಾರೆ. ದೊಡ್ಡವರಾಗುತ್ತಾ ಗಂಡಸರ ಚಿತ್ರ ಜಾಸ್ತಿ ಆಗುತ್ತದೆ. ಮಗು ಹುಟ್ಟುವಾಗ ಈ ಚಿತ್ರ ತಲೆಯಲ್ಲಿಟ್ಟುಕೊಂಡು ಬಂದಿರಲಿಲ್ಲ.

ಮಿಂಚುಹುಳದಮ್ಮ:

ಈಗಲೇ ಮಗಳಿಗೆ ಕಾಗದ, ಪೆನ್ಸಿಲ್ ಕೊಟ್ಟೆ. ಅವಳು ವಿಜ್ಞಾನಿಯನ್ನು ಬರೆಯುವುದು ಬಿಟ್ಟು ವಿಜ್ಞಾನಿಯ ಬೆಕ್ಕನ್ನು ಬರೆದಿದ್ದಾಳೆ. ಅಧ್ಯಯನಕ್ಕೆ ಪ್ರಯೋಜನವಿಲ್ಲ.

ಅರ್ಧಚಂದ್ರ:

ನೇರಮಾತು ಅವರೇ, ವಿಜ್ಞಾನ ಬೇರೆ, ಪಾತ್ರ ಬೇರೆ ಅಂದಿರಲ್ಲ, ಚಂದ್ರನನ್ನೇ ತೆಗೆದುಕೊಳ್ಳಿ. ಬಹಳಷ್ಟು ಪುಸ್ತಕಗಳಲ್ಲಿ ಎಳೆಚಂದ್ರ ನೆಟ್ಟಗೆ ನಿಂತಿರುತ್ತಾನೆ, ಬಲಗಡೆ ಬೆಳಕು. ಉತ್ತರಕ್ಕೆ ದೂರ ಇರುವ ದೇಶಗಳಲ್ಲಿ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಅದೇ ದಿನ ಬೆಳಕು ಎಡಗಡೆ. ಸಮಭಾಜಕದ ಹತ್ತಿರ ಇರುವವರಿಗೆ ಚಂದ್ರ ದೋಣಿಯಂತೆ ಮಲಗಿರುತ್ತಾನೆ. ಒಂದೇ ಚಂದ್ರ, ನೋಡುವವರು ನಿಂತ ನೆಲ ಬೇರೆ. ಪುಸ್ತಕದಲ್ಲಿ ಮೂರು ಕಡೆಯ ಮೂರು ಮಕ್ಕಳಿದ್ದು, ಮೂವರೂ ತಾವು ಕಂಡದ್ದನ್ನು ಬರೆದರೆ ಮೂರು ಚಿತ್ರ ಬರುತ್ತದೆ. ಆಗ "ಯಾರದು ಸರಿ?" ಅನ್ನುವ ಜಗಳ ಶುರುವಾಗುತ್ತದೆ. ಆ ಜಗಳ ಬಿಡಿಸಲು ಭೂಮಿ ಉರುಟು ಅನ್ನುವುದು ಬೇಕು. ಒಂದೇ ಊರಿನ ಒಂದೇ ಮಗು ಇದ್ದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಋತುಗಳದ್ದೂ ಇದೇ ಕಥೆ. "ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಇರುತ್ತದೆ" ಅಂತ ಎಷ್ಟೋ ದೊಡ್ಡವರೂ ನಂಬಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದ ಸುಮಾರಿಗೆ, ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ ಸುಮಾರು 15.2 ಕೋಟಿ. ಉತ್ತರದ ಮಗು ಜನವರಿಯಲ್ಲಿ ಚಳಿಗೆ ನಡುಗುತ್ತಾ, ದಕ್ಷಿಣದಲ್ಲಿರುವ ಗೆಳತಿಗೆ ಪತ್ರ ಬರೆಯಲಿ. "ಇಲ್ಲಿ ಸುಡು ಬಿಸಿಲು" ಅಂತ ಅವಳು ಉತ್ತರ ಬರೆಯಲಿ. ದೂರವೇ ಕಾರಣ ಅನ್ನುವ ನಂಬಿಕೆ ಎರಡು ಪತ್ರದಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಭೂಮಿಯ 23.5 ಡಿಗ್ರಿ ವಾಲಿಕೆ ಹೇಳಿದರೆ ಮಗು ತಾನಾಗಿ ಕೇಳಿಸಿಕೊಳ್ಳುತ್ತದೆ.

ನೇರಮಾತು:

ಒಂದು ಅಂಕ ನಿಮಗೆ. ಎಳೆಚಂದ್ರನ ಎರಡು ಕೊಂಬುಗಳ ನಡುವೆ ನಕ್ಷತ್ರ ಬರೆಯುವವರಿಗೆ ಮಾತ್ರ ಕ್ಷಮೆ ಇಲ್ಲ. ಅಲ್ಲಿ ಚಂದ್ರನ ಕತ್ತಲಿನ ಭಾಗ ಇದೆ ಸ್ವಾಮೀ, ನಕ್ಷತ್ರ ಅದನ್ನು ತೂರಿಕೊಂಡು ಬರುತ್ತದಾ?

ಬಣ್ಣದ ಡಬ್ಬಿ:

ಬರೆದಿದ್ದೇನೆ. ಎರಡು ಸಲ. ಕ್ಷಮೆ ಇಲ್ಲ ಅಂದಮೇಲೆ ಮುಗಿಯಿತು.

ಕೈಮಾತು:

ಮಗನಿಗೆ ಒಂಬತ್ತು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಿವುಡ ಮಕ್ಕಳ ಬಗ್ಗೆ ಪುಸ್ತಕ ಅಂತ ಯಾರಾದರೂ ತಂದುಕೊಟ್ಟರೆ ಅವನು ಎರಡನೇ ಪುಟಕ್ಕೆ ಮುಚ್ಚಿಡುತ್ತಾನೆ. ಎಲ್ಲದರಲ್ಲೂ ಕಿವುಡುತನವೇ ಕಥೆ. ಮೊದಲು ಯಾರೂ ಜೊತೆಗೆ ಸೇರಿಸಿಕೊಳ್ಳುವುದಿಲ್ಲ, ಕೊನೆಗೆ ಸೇರಿಸಿಕೊಳ್ಳುತ್ತಾರೆ. ಅವನಿಗೆ ಬೇಕಿರುವುದು ಸುಂಟರಗಾಳಿ. ಸುಂಟರಗಾಳಿಯ ಕಥೆಯಲ್ಲಿ ಒಬ್ಬ ಹುಡುಗನಿಗೆ ಕಿವಿ ಕೇಳಿಸದಿದ್ದರೆ ಸಾಕು, ಅದರ ಬಗ್ಗೆ ಭಾಷಣ ಬೇಡ.

ಗುಡುಗಿನ ಪುಸ್ತಕಗಳಲ್ಲಿ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ನನ್ನ ಮಗನಿಗೆ ಗುಡುಗು ಎದೆಯಲ್ಲಿ ಬರುತ್ತದೆ. ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಾನೆ, ಗಾಜು ನಡುಗಿದಾಗ ನನ್ನ ಕಡೆ ತಿರುಗಿ ನೋಡುತ್ತಾನೆ. ಶಬ್ದ ಅಂದರೆ ಗಾಳಿಯ ನಡುಕ ಅನ್ನುವ ಪಾಠ ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕೇಳುವ ಮಕ್ಕಳಿಗೇ ಅದನ್ನು ಕಷ್ಟಪಟ್ಟು ಹೇಳಿಕೊಡಬೇಕು.

ಕಿವುಡರಿಗೂ ಆಕಾಶಕ್ಕೂ ಇರುವ ನಂಟು ಮಕ್ಕಳ ಪುಸ್ತಕಗಳಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ ಅನಿಸುತ್ತದೆ. ಜಾನ್ ಗುಡ್‌ರಿಕ್ ಅಂತ ಒಬ್ಬ ಕಿವುಡ ಹುಡುಗ, 1780ರ ದಶಕ. ಆಲ್ಗಾಲ್ ಅನ್ನುವ ನಕ್ಷತ್ರ ಲೆಕ್ಕ ತಪ್ಪದೆ ಮಂಕಾಗಿ ಮತ್ತೆ ಬೆಳಗುವುದನ್ನು ಬರಿಗಣ್ಣಲ್ಲಿ ರಾತ್ರಿ ರಾತ್ರಿ ನೋಡಿ ಅಳೆದ. ಅದರ ಮುಂದೆ ಇನ್ನೊಂದು ಕಾಯ ಹಾದುಹೋಗುತ್ತಿರಬಹುದು ಅಂತ ಊಹಿಸಿದ. ಊಹೆ ಸರಿಯಾಗಿತ್ತು. ತೀರಿಕೊಂಡಾಗ ಅವನಿಗೆ 21 ವರ್ಷ.

ಇನ್ನೊಂದು ನನಗೆ ತುಂಬಾ ಇಷ್ಟ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ, ಬಾಹ್ಯಾಕಾಶಕ್ಕೆ ಹೋದರೆ ಮನುಷ್ಯರಿಗೆ ಎಷ್ಟು ತಲೆಸುತ್ತು ಬರಬಹುದು ಅಂತ ತಿಳಿಯಬೇಕಿತ್ತು. ಅದಕ್ಕೆ ಗ್ಯಾಲಡೆಟ್ ಅನ್ನುವ ಕಿವುಡರ ಕಾಲೇಜಿನ 11 ಜನ ಕಿವುಡ ಗಂಡಸರನ್ನು ಆರಿಸಿದರು. ಒಳಗಿವಿಯ ಸಮತೋಲನದ ಭಾಗ ಕೆಲಸ ಮಾಡದ ಕಾರಣ ಅವರಲ್ಲಿ ಹೆಚ್ಚಿನವರಿಗೆ ಎಷ್ಟು ತಿರುಗಿಸಿದರೂ ಹೊಟ್ಟೆ ತೊಳಸುತ್ತಿರಲಿಲ್ಲ. ಒಮ್ಮೆ ಹಡಗಿನಲ್ಲಿ ಬಿರುಗಾಳಿಯ ಕಡಲಿಗೆ ಕರೆದೊಯ್ದರು. ಪ್ರಯೋಗ ಮಾಡಲು ಬಂದ ಸಂಶೋಧಕರೇ ವಾಂತಿ ಮಾಡಿಕೊಂಡು ಮಲಗಿದರು. ಇವರು ಇಸ್ಪೀಟು ಆಡುತ್ತಾ ಕೂತಿದ್ದರಂತೆ. ಇದನ್ನು ಮಗನಿಗೆ ಹೇಳಿದ ದಿನ ನಾಲ್ಕು ಸಲ ಹೇಳಿಸಿದ.

ಆಮೇಲೆ ಅವನು ಕೈಯಲ್ಲಿ ಕೇಳಿದ್ದು: "ಚಂದ್ರನ ಮೇಲೆ ಗಾಳಿ ಇಲ್ಲ, ಶಬ್ದ ಇಲ್ಲ. ಹಾಗಾದರೆ ಅಲ್ಲಿ ಎಲ್ಲರೂ ನನ್ನ ಹಾಗೆ ಮಾತಾಡಬೇಕಲ್ವಾ?" ಅವನ ಅಪ್ಪ ಹೆಲ್ಮೆಟ್ಟಿನಲ್ಲಿ ರೇಡಿಯೋ ಇರುತ್ತದೆ ಅಂತ ವಿವರಿಸಲು ಹೊರಟರು. ಸುಮ್ನಿರಿ ಅಂದೆ.

ಗುಬ್ಬಿಗೂಡು:

ಇದನ್ನು ಓದಿ ಮೊಲದ ಪುಸ್ತಕಗಳನ್ನು ಪಕ್ಕಕ್ಕಿಟ್ಟೆ.

ಲೈಬ್ರರಿ ಮೂಲೆ:

ಕೈಮಾತು ಅವರ ಮಾತು ದೊಡ್ಡವರ ಜೀವನಕಥೆಗಳಿಗೂ ಸಲ್ಲುತ್ತದೆ. ಗಂಡಸು ವಿಜ್ಞಾನಿಯ ಕಥೆಯಲ್ಲಿ ಅವನು ಏನು ಕಂಡುಹಿಡಿದ ಅನ್ನುವುದಿರುತ್ತದೆ. ಹೆಂಗಸಿನ ಕಥೆಯಲ್ಲಿ ಯಾರು ಬಾಗಿಲು ಹಾಕಿದರು ಅನ್ನುವುದಿರುತ್ತದೆ. ಸೆಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಜನ್ ಅಂತ ಲೆಕ್ಕ ಹಾಕಿ ತೋರಿಸಿದರು. ಹಿರಿಯರ ಮಾತಿಗೆ ಮಣಿದು, ಈ ಅಂಕಿ ನಿಜವಿರಲಾರದು ಅಂತ ತಾವೇ ಬರೆಯಬೇಕಾಯಿತು. ಕೆಲವೇ ವರ್ಷಗಳಲ್ಲಿ ಅದೇ ಹಿರಿಯರು ಒಪ್ಪಿಕೊಂಡರು. ಈ ಅನ್ಯಾಯದ ಭಾಗ ಮಕ್ಕಳಿಗೆ ಗೊತ್ತಾಗಲಿ, ಬೇಡ ಅನ್ನುತ್ತಿಲ್ಲ. ಆದರೆ ಅಷ್ಟು ದೂರದ ನಕ್ಷತ್ರದಲ್ಲಿ ಏನಿದೆ ಅಂತ ಅದರ ಬೆಳಕಿನಿಂದ ಓದುವುದು ಹೇಗೆ? ಮಗುವಿನ ಕಣ್ಣರಳುವುದು ಅಲ್ಲಿ. ಆ ಪುಟವನ್ನೇ ಬಿಟ್ಟುಬಿಡುತ್ತಾರೆ.

ಬಾಗಿಲು ಹಾಕಿದ ಕಥೆಗಳಲ್ಲಿ ನಾನು ಬಿಡದೆ ಹೇಳುವುದು ಒಂದೇ, ಅದು ನಮ್ಮ ವೃತ್ತಿಯ ಕಥೆ ಅಂತ. 1959ರಲ್ಲಿ ಅಮೆರಿಕದ ದಕ್ಷಿಣ ಕೆರೊಲೈನಾದ ಲೇಕ್ ಸಿಟಿಯಲ್ಲಿ ಒಂಬತ್ತು ವರ್ಷದ ಕರಿಯ ಹುಡುಗ ರೊನಾಲ್ಡ್ ಮೆಕ್‌ನೇರ್ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದ. ಕರಿಯರಿಗೆ ಕೊಡುವುದಿಲ್ಲ ಅಂದರು. ಅವನು ಕದಲಲಿಲ್ಲ. ಪೊಲೀಸರನ್ನು ಕರೆಸಿದರು. ಕೊನೆಗೆ ಪುಸ್ತಕ ತೆಗೆದುಕೊಂಡೇ ಹೋದ. ಭೌತವಿಜ್ಞಾನಿಯಾಗಿ 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ, ಸ್ಯಾಕ್ಸೊಫೋನ್ ಜೊತೆಗೊಯ್ದು ಅಲ್ಲಿ ನುಡಿಸಿದ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡ. ಆ ಹಳೆಯ ಗ್ರಂಥಾಲಯದ ಕಟ್ಟಡಕ್ಕೆ ಈಗ ಅವನ ಹೆಸರಿದೆ.

ಅನುವಾದದ ಕೂಲಿ:

ತಡವಾಗಿ ಬಂದೆ. ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಒಂದು ತಪ್ಪೊಪ್ಪಿಗೆ ಇದೆ.

ಮೂಲದಲ್ಲಿ ವಿಜ್ಞಾನಿ ಗಂಡೋ ಹೆಣ್ಣೋ ಅಂತ ಹೇಳಿರುವುದಿಲ್ಲ. ಆ ಭಾಷೆಯ ಕ್ರಿಯಾಪದಕ್ಕೆ ಅದು ಬೇಕಾಗಿಲ್ಲ. ನಮ್ಮ ಕ್ರಿಯಾಪದಕ್ಕೆ ಬೇಕು. ಕೈ ತನ್ನಷ್ಟಕ್ಕೆ "ವಿಜ್ಞಾನಿ ನೋಡಿದನು, ಬರೆದುಕೊಂಡನು" ಅಂತ ಬರೆದುಬಿಡುತ್ತದೆ. ಪೈಲಟ್ ಹಾರಿಸಿದನು, ಗಗನಯಾತ್ರಿ ಇಳಿದನು. ಶಿಕ್ಷಕಿ ಮಾತ್ರ "ಳು". ಹೀಗೆ ಎಷ್ಟು ಪುಸ್ತಕ ಮಾಡಿದೆನೋ. ಒಂದು ದಿನ ಚಿತ್ರದ ಪುಟ ಬಂದಾಗ ನೋಡುತ್ತೇನೆ, ನಾನು "ಇಳಿದನು" ಅಂದ ಗಗನಯಾತ್ರಿಗೆ ಎರಡು ಜಡೆ!

ಈಗ "ವಿಜ್ಞಾನಿ ನೋಡಿದರು" ಅಂತ ಬರೆಯುತ್ತೇನೆ. ಗೌರವವೂ ಆಯಿತು, ಗಂಡೋ ಹೆಣ್ಣೋ ಅನ್ನುವುದು ಮಗುವಿನ ಮನಸ್ಸಿಗೆ ಬಿಟ್ಟದ್ದೂ ಆಯಿತು. ಪುಟ್ಟ ಪಾತ್ರವಾದರೆ "ಮಗು ಕೇಳಿತು". ಈ ಸೌಕರ್ಯ ನಮ್ಮ ಭಾಷೆಯಲ್ಲೇ ಇತ್ತು, ನನಗೆ ಕಾಣಲಿಲ್ಲ ಅಷ್ಟೆ.

ನೇರಮಾತು:

ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮೇಲೆ ನನ್ನದೇ ಮೊದಲ ಮಾತು ಹುಡುಕಿ ನೋಡಿದೆ, ಎಲ್ಲಾದರೂ "ವಿಜ್ಞಾನಿ ಹೇಳಿದನು" ಅಂದೆನೋ ಅಂತ. ಸದ್ಯ ಇಲ್ಲ.

ಮಿಂಚುಹುಳದಮ್ಮ:

ಎರಡು ದಿನದ ವರದಿ. ಗುಡುಗಿನ ಪುಸ್ತಕ ಓದುವಾಗ ಮಾತುಗಳನ್ನು ಅದಲುಬದಲು ಮಾಡಿ ಓದಿದೆ. ವಿವರಣೆ ತಂಗಿಗೆ, ಅಬ್ಬಾ ಅಣ್ಣನಿಗೆ. ಮರೆತೇ ಹೋಗಿತ್ತು, ಇವಳಿಗೆ ಓದಲು ಬರುತ್ತದೆ. "ಹಾಗೆ ಬರೆದಿಲ್ಲ ಅಮ್ಮಾ" ಅಂದಳು. ಆಮೇಲೆ ಅರ್ಧ ಗಂಟೆ ಸದ್ದಿಲ್ಲ. ಹೋಗಿ ನೋಡಿದರೆ ಮಾತಿನ ಗುಳ್ಳೆಗಳ ಮೇಲೆಲ್ಲ ಕಾಗದದ ಚೂರು ಅಂಟಿಸಿ ಹೊಸ ಮಾತು ಬರೆಯುತ್ತಿದ್ದಾಳೆ.

ಲೈಬ್ರರಿ ಮೂಲೆ:

ಲೈಬ್ರರಿ ಪುಸ್ತಕ ಅಲ್ಲ ತಾನೇ? ಅಲ್ಲ ಅಂತ ಹೇಳಿ.

ಮಿಂಚುಹುಳದಮ್ಮ:

ಅಲ್ಲ ಅಲ್ಲ, ನಮ್ಮದೇ 😀 ಆದರೆ ಅವಳು ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದಾಳೆ. ಮಿಂಚು ಕಂಡ ತಕ್ಷಣ ಸೆಕೆಂಡು ಎಣಿಸಲು ಶುರುಮಾಡಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಲೆಕ್ಕ ಹಾಕಬೇಕು ಅಂತ ಪುಸ್ತಕದಲ್ಲಿದೆ. "ಒಂದು, ಎರಡು, ಮೂರು" ಅಂತ ಇವಳು ಬೇಗ ಬೇಗ ಎಣಿಸುತ್ತಾಳೆ. ಮಿಂಚು ಪಕ್ಕದಲ್ಲೇ ಬಿದ್ದರೂ ಐದು ಕಿಲೋಮೀಟರ್ ಬರುತ್ತದೆ.

ಅನುವಾದದ ಕೂಲಿ:

ಅಯ್ಯೋ, ಇದೇ ಸಾಲಿನಲ್ಲಿ ನಾನೂ ವಾರದಿಂದ ಕೂತಿದ್ದೇನೆ! ಈಗ ಮಾಡುತ್ತಿರುವ ಪುಸ್ತಕದಲ್ಲೂ ಗುಡುಗು ಎಣಿಸುವುದಿದೆ. ಮೂಲದಲ್ಲಿ ಪ್ರತಿ ಅಂಕಿಯ ಜೊತೆ ಒಂದು ಉದ್ದನೆಯ ಪದ ಸೇರಿಸಿ ಹೇಳುತ್ತಾರೆ, ಒಂದು ಸೆಕೆಂಡು ತುಂಬಲಿ ಅಂತ. ಕನ್ನಡದಲ್ಲಿ ಏನು ಹಾಕುವುದು? "ಒಂದು ಆನೆ, ಎರಡು ಆನೆ" ಅಂತ ಹಾಕಿದ್ದೇನೆ. ಸಮಾಧಾನವಿಲ್ಲ.

ಕೈಮಾತು:

ನಮ್ಮಲ್ಲಿ ಗಡಿಯಾರದ ಮುಳ್ಳು ನೋಡುತ್ತಾನೆ. ಗಾಜು ನಡುಗಿದಾಗ ಬೆರಳು ಎತ್ತುತ್ತಾನೆ. ಆ ಪುಟಕ್ಕೆ ಅದನ್ನೂ ಸೇರಿಸಿ.

ನೇರಮಾತು:

ಒಳಗೆ ಕೂತು ಎಣಿಸಬೇಕು ಅಂತಲೂ ಸೇರಿಸಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದ್ದೀರಿ ಅಂತಲೇ ಅರ್ಥ. ಕಿಟಕಿ ಮುಚ್ಚಿರಲಿ. ಜೋರಾಗಿದ್ದಾಗ ಗಾಜಿನಿಂದಲೂ ದೂರ ಇರಲಿ.

ಮಿಂಚುಹುಳದಮ್ಮ:

ಮಗಳು ಫೋನಿನ ಗಡಿಯಾರ ಇಟ್ಟುಕೊಂಡು ಪರೀಕ್ಷೆ ಮಾಡಿದಳು. "ಆನೆ" ಸೇರಿಸಿ ಹತ್ತರವರೆಗೆ ಎಣಿಸಲು ಎಂಟು ಸೆಕೆಂಡು. "ಕಪ್ಪೆ" ಅದಕ್ಕಿಂತಲೂ ಬೇಗ. "ಕಾಮನಬಿಲ್ಲು" ಹನ್ನೆರಡು ಆಗಿಬಿಟ್ಟಿತು. "ಒಂದು ಮಿಂಚುಹುಳ, ಎರಡು ಮಿಂಚುಹುಳ" ಅಂದರೆ ಸರಿಯಾಗಿ ಹತ್ತು. ಮೂರು ಸಲ ಮಾಡಿದಳು, ಒಂದು ಸಲ ಮಾತ್ರ ಹನ್ನೊಂದು ಬಂತು. ಆಗ ಕೆಮ್ಮು ಬಂದಿತ್ತಂತೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದಂತೆ.

ಅನುವಾದದ ಕೂಲಿ:

ಮಿಂಚುಹುಳ! ತೆಗೆದುಕೊಂಡೆ. ಅವಳಿಗೆ ಹೇಳಿ. ಇನ್ನೊಂದು ಪ್ರಶ್ನೆ ಉಳಿದಿದೆ. ಮೂಲದಲ್ಲಿ ಅಲ್ಲಿ ಇಬ್ಬರು ಮಕ್ಕಳಿದ್ದಾರೆ, ಎಣಿಸುವವರು ಯಾರು ಅಂತ ಹೇಳಿಲ್ಲ. ಸಾಲು ಯಾರ ಬಾಯಿಗೆ ಹಾಕಲಿ?

ಮಿಂಚುಹುಳದಮ್ಮ:

ಕೇಳಿದೆ. ಹುಡುಗಿ ಎಣಿಸಲಿ ಅಂದಳು. ಹುಡುಗ ಏನು ಮಾಡಲಿ ಅಂದರೆ, ಅವನಿಗೂ ಒಂದು ಗಡಿಯಾರ ಕೊಡಬೇಕಂತೆ, ಇವಳು ಸರಿಯಾಗಿ ಎಣಿಸುತ್ತಿದ್ದಾಳಾ ಅಂತ ನೋಡಲು.